ನೆಲ್ಲಿಕಾಯಿ ಹೆಚ್ಚಿದರೆ ಈಳಿಗೆ ಕಪ್ಪಾಗುವುದೇಕೆ?



ನಮ್ಮ ಸುತ್ತಮುತ್ತ ಔಷಧೀಯ ಸಸ್ಯಗಳು ಬೇಕಾದಷ್ಟಿವೆ. ನೆಲ್ಲಿ, ಅಳಲೆ, ತಾರೆ, ತುಳಸಿ, ಒಂದೆಲಗ, ಅಮೃತಬಳ್ಳಿ ಇವುಗಳ ಉಪಯೋಗವನ್ನು ಹಿಂದಿನ ಸಂಚಿಕೆಗಳಲ್ಲಿ ಓದಿದ್ದೀರಿ. ಅದನ್ನೇ ಮತ್ತೆ ಬರೆಯುವುದಿಲ್ಲ. ಈ ಗಿಡಗಳ ಒಳಗಿರುವ ಒಂದು ವಸ್ತುವಿನ ಬಗ್ಗೆ ಬರೆಯುತ್ತೇನೆ. ಅದರ ಹೆಸರು ಪಾಲಿಫಿನಾಲ್.

ಹೆಸರು ಹೊಸದು, ವಸ್ತು ಹಳೇದು. ಬೆಟ್ಟದ ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಹಿಡಿದ ಹಾಗೆ ಆಗುತ್ತದಲ್ಲ, ಆ ಒಗರು. ನಮ್ಮ ಕಡೆ ಚೊಗರು ಅಂತಾರೆ. ಪಾಲಿಫಿನಾಲ್‌ಗಳಲ್ಲಿ ಟ್ಯಾನಿನ್ ಅನ್ನುವ ಒಂದು ಗುಂಪಿದೆ. ಅದು ಜೊಲ್ಲಿನಲ್ಲಿರುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಆಗ ಬಾಯಿ ಒಣಗಿದ ಹಾಗೆ ಅನಿಸುತ್ತದೆ. ಅದೇ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪು ಬಣ್ಣ ಬರುತ್ತದೆ. ಅಜ್ಜಿ ನೆಲ್ಲಿಕಾಯಿ ಹೆಚ್ಚುವಾಗ ಈಳಿಗೆ ಕಪ್ಪಾಗುವುದು ಹೀಗೆ. ಹಿಂದಿನ ಕಾಲದಲ್ಲಿ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರು. ಅನ್ನಭೇದಿ ಅಂದರೆ ಕಬ್ಬಿಣದ ಸಲ್ಫೇಟ್. ಅಂದರೆ ಈಳಿಗೆಯ ಮೇಲೆ ಆಗೋದೂ ಮಸಿಯೇ!

ಇದಕ್ಕೂ ಔಷಧಿಗೂ ಏನು ಸಂಬಂಧ? ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಳೇ ಎಣ್ಣೆ ಕಮಟು ವಾಸನೆ ಬರುತ್ತದೆ. ಇದನ್ನು ಉತ್ಕರ್ಷಣ ಅನ್ನುತ್ತಾರೆ, ಆಮ್ಲಜನಕದ ಕೆಲಸ. ನಮ್ಮ ಮೈಯಲ್ಲೂ ಊಟ ಶಕ್ತಿಯಾಗುವಾಗ ಕೆಲವು ಕಣಗಳು ಒಂದು ಇಲೆಕ್ಟ್ರಾನ್ ಕಡಿಮೆಯಾಗಿ ಹುಟ್ಟುತ್ತವೆ. ಅವು ಸುಮ್ಮನೆ ಇರೋದಿಲ್ಲ, ಪಕ್ಕದವರ ಪೆನ್ಸಿಲ್ ಕಿತ್ತುಕೊಳ್ಳುವ ಹುಡುಗರ ಹಾಗೆ ಪಕ್ಕದ ಕಣದಿಂದ ಕಿತ್ತುಕೊಳ್ಳುತ್ತವೆ. ಪಾಲಿಫಿನಾಲ್ ತನ್ನದನ್ನು ಕೊಟ್ಟು ಜಗಳ ನಿಲ್ಲಿಸುತ್ತದೆ. ಅದಕ್ಕೇ ಅದನ್ನು ಉತ್ಕರ್ಷಣ ನಿರೋಧಕ ಎಂದು ಕರೆಯುತ್ತಾರೆ. ನೆಲ್ಲಿ, ನಿಂಬೆಯಲ್ಲಿರುವ ಸಿ ವಿಟಮಿನ್ ಕೂಡ ಇದೇ ಕೆಲಸ ಮಾಡುತ್ತದೆ.

ಪ್ರಯೋಗಾಲಯದಲ್ಲಿ ಇದನ್ನು ಬಣ್ಣದಿಂದ ಅಳೆಯುತ್ತಾರೆ. 1927ರಲ್ಲಿ ಫೋಲಿನ್ ಮತ್ತು ಚಿಯೋಕಾಲ್ಟು ಎಂಬ ಇಬ್ಬರು ಪ್ರಕಟಿಸಿದ ದ್ರಾವಣಕ್ಕೆ ಕಷಾಯ ಹಾಕಿದರೆ ನೀಲಿ ಆಗುತ್ತದೆ. ನೀಲಿ ಗಾಢವಾದಷ್ಟೂ ಪಾಲಿಫಿನಾಲ್ ಜಾಸ್ತಿ. ಡಿಪಿಪಿಎಚ್ ಅನ್ನುವ ನೇರಳೆ ದ್ರಾವಣ ಮತ್ತೊಂದು. ಅದಕ್ಕೆ ಉತ್ಕರ್ಷಣ ನಿರೋಧಕ ಸೇರಿದರೆ ನೇರಳೆ ಹೋಗಿ ಹಳದಿ ಆಗುತ್ತದೆ. ಇದನ್ನು 1958ರಲ್ಲಿ ಬ್ಲಾಯಿಸ್ ಎಂಬುವರು ಬರೆದರು.

ನಮ್ಮ ಶಾಲೆಯಲ್ಲಿ ಆ ದ್ರಾವಣ ಎಲ್ಲಿಂದ ಬರಬೇಕು? ನಾನು ಮೊಳೆಯಿಂದ ಮಾಡಿದೆ. 6 ಗ್ಲಾಸಿನಲ್ಲಿ ಬೇರೆ ಬೇರೆ ರಸ ಹಾಕಿ ಒಂದೊಂದು ತುಕ್ಕು ಮೊಳೆ ಬಿಟ್ಟು ರಾತ್ರಿ ಪೂರ್ತಿ ಇಟ್ಟೆ. ಬರೀ ನೀರು ಕಂದು ಆಯಿತು. ನೆಲ್ಲಿಕಾಯಿ ರಸ, ಪೇರಲೆ ಎಲೆ ಕಷಾಯ, ಹಾಲು ಹಾಕದ ಟೀ ಈ ಮೂರೂ ಮಸಿಯಂತೆ ಕಪ್ಪಾದವು. ತುಳಸಿ ಸ್ವಲ್ಪ ಮಾತ್ರ ಕಪ್ಪಾಯಿತು. ನಿಂಬೆರಸ ಕಪ್ಪಾಗಲೇ ಇಲ್ಲ. ಹಾಗಂತ ನಿಂಬೆ ಕೆಲಸಕ್ಕೆ ಬಾರದ್ದು ಅಂತಲ್ಲ. ಮೊಳೆ ಚೊಗರನ್ನು ಹಿಡಿಯುತ್ತದೆ, ಸಿ ವಿಟಮಿನ್ ಅನ್ನು ಹಿಡಿಯೋದಿಲ್ಲ.

ಟೀ ಗ್ಲಾಸನ್ನು ನೋಡಿದ ಮೇಲೆ ನನಗೆ ಅಕ್ಕನ ನೆನಪಾಯಿತು. ಅಕ್ಕನಿಗೆ ರಕ್ತ ಕಮ್ಮಿ ಇದೆ, ಹತ್ತು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಅವಳು ಅದನ್ನು ದಿನಾ ಬೆಳಿಗ್ಗೆ ಟೀ ಜೊತೆಗೇ ನುಂಗುತ್ತಿದ್ದಳು. ಗ್ಲಾಸಿನಲ್ಲಿ ಕಬ್ಬಿಣವನ್ನು ಹಿಡಿದುಕೊಂಡ ಟೀ ಹೊಟ್ಟೆಯಲ್ಲಿ ಬಿಡುತ್ತದಾ? ಆರೋಗ್ಯ ಕೇಂದ್ರದ ನರ್ಸಮ್ಮನನ್ನು ಕೇಳಿದೆ. ಅವರು, "ಬಿಡೋದಿಲ್ಲ ಮಗಾ. ಟೀ, ಕಾಫಿ ಜೊತೆ ತಗೊಂಡ್ರೆ ಮೈಗೆ ಸೇರೋ ಕಬ್ಬಿಣ ಕಮ್ಮಿ ಆಗ್ತದೆ. ಮುಂದೆ ಹಿಂದೆ ಒಂದೊಂದು ಗಂಟೆ ಟೀ ಬೇಡ. ನಿಂಬೆ ಪಾನಕ ಕುಡಿದ್ರೆ ಒಳ್ಳೇದು, ಹುಳಿ ಇದ್ರೆ ಕಬ್ಬಿಣ ಚೆನ್ನಾಗಿ ಸೇರ್ತದೆ" ಅಂದರು. ಈಗ ಅಕ್ಕ ಮಧ್ಯಾಹ್ನ ಊಟ ಆದಮೇಲೆ ಮಾತ್ರೆ ತಗೊಳ್ತಾಳೆ. ಟೀ ಸಂಜೆ ನಾಲ್ಕಕ್ಕೆ. ಬಿಡು ಅಂದರೆ ಬಿಡೋದಿಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಮಾತ್ರೆ ತಗೊಳ್ಳುವ ನಾವೂ ಆ ಹೊತ್ತಿಗೆ ಟೀ ಕುಡಿಯಬಾರದು.

ಪಾಲಿಫಿನಾಲ್ ಜಾಸ್ತಿ ಇದ್ದದ್ದೆಲ್ಲ ಒಳ್ಳೇದು ಅಂತಲೂ ತಿಳಿಯಬೇಡಿ. ಅಡಿಕೆ ಬೇಯಿಸಿದ ಚೊಗರು, ಅಡಿಕೆ ಸುಲಿಯುವವರ ಕಪ್ಪು ಬೆರಳು ಎಲ್ಲರೂ ನೋಡಿದ್ದೇವೆ. ಅಡಿಕೆಯಲ್ಲಿ ಟ್ಯಾನಿನ್ ತುಂಬಾ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮ ಮನೆ ನಡೆಯೋದು ಅಡಿಕೆಯಿಂದಲೇ. ಅಜ್ಜ ಇದನ್ನು ಓದಿದರೆ ಬೈತಾರೆ. ಆದರೂ ಬರೆಯಬೇಕು ಅನಿಸಿತು, ಬರೆದಿದ್ದೇನೆ.

ಗ್ಲಾಸಿನಲ್ಲಿ ಬಣ್ಣ ಬದಲಾಯಿತು ಅಂದರೆ ಮೈಯಲ್ಲೂ ಹಾಗೇ ಆಗುತ್ತದೆ ಅಂತಲ್ಲ. ತಿಂದ ಪಾಲಿಫಿನಾಲ್ ಎಲ್ಲಾ ರಕ್ತಕ್ಕೆ ಸೇರೋದಿಲ್ಲ, ಬಹಳಷ್ಟನ್ನು ಕರುಳಿನ ಸೂಕ್ಷ್ಮಜೀವಿಗಳೇ ಒಡೆದುಬಿಡುತ್ತವೆ. ಆದ್ದರಿಂದ ಕಷಾಯ ಕುಡಿಯಿರಿ, ಆದರೆ ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಅಲ್ಲ.

ಆರು ಗ್ಲಾಸುಗಳನ್ನೂ ವಿಜ್ಞಾನದ ಬೀರುವಿನ ಮೇಲೆ ಸಾಲಾಗಿ ಇಟ್ಟಿದ್ದೇನೆ. ಶನಿವಾರದವರೆಗೆ ಇರುತ್ತವೆ, ಬಂದು ನೋಡಿ. ಯಾರೂ ಕುಡಿಯಬೇಡಿ, ಒಳಗೆ ಮೊಳೆ ಇದೆ.