ಇಮಾಬರಿ: ಟವೆಲ್ ನಗರ ಕಲಿಸುವ ಪಾಠ

ಜಪಾನಿನ ಶಿಕೊಕು ದ್ವೀಪದ ಉತ್ತರ ತೀರದಲ್ಲಿ, ಎಹಿಮೆ ಪ್ರಾಂತ್ಯಕ್ಕೆ ಸೇರಿದ ಇಮಾಬರಿ ನಗರವಿದೆ. ಸುಮಾರು ಒಂದೂವರೆ ಲಕ್ಷ ಜನಸಂಖ್ಯೆಯ ಈ ಬಂದರು ನಗರವು ಹಡಗು ನಿರ್ಮಾಣ ಹಾಗೂ ಟವೆಲ್ ತಯಾರಿಕೆಗೆ ಪ್ರಸಿದ್ಧವಾಗಿದೆ. ದ್ವೀಪದಿಂದ ದ್ವೀಪಕ್ಕೆ ಸೇತುವೆಗಳ ಮೇಲೆ ಸಾಗುವ ಸುಮಾರು 60 ಕಿ.ಮೀ. ಉದ್ದದ ಹೆದ್ದಾರಿಯು ಇದನ್ನು ಹೊನ್‌ಶು ದ್ವೀಪದ ಒನೊಮಿಚಿ ನಗರದೊಂದಿಗೆ ಜೋಡಿಸುತ್ತದೆ.

ಉದ್ಯಮದ ಬೆಳವಣಿಗೆ

ಇಲ್ಲಿ ಟವೆಲ್ ನೇಯ್ಗೆಯನ್ನು 1894ರಲ್ಲಿ ಅಬೆ ಹೇಸುಕೆ ಎಂಬುವರು ಆರಂಭಿಸಿದರು. ಸ್ಥಳೀಯ ಮೃದು ನೀರು ನೂಲನ್ನು ಬಿಳುಪುಗೊಳಿಸಲು ಹಾಗೂ ಬಣ್ಣ ಹಾಕಲು ಯೋಗ್ಯವಾಗಿದ್ದಿತು. 1970ರ ದಶಕದಲ್ಲಿ ಸುಮಾರು 500 ಘಟಕಗಳಿದ್ದವು. 1991ರಲ್ಲಿ ವಾರ್ಷಿಕ ಉತ್ಪಾದನೆಯು ಸುಮಾರು 50 ಸಾವಿರ ಟನ್ ತಲುಪಿತು. ಆದರೆ ಬಹುಪಾಲು ಸರಕು ಸಗಟು ವ್ಯಾಪಾರಿಗಳ ಮೂಲಕ ಅನ್ಯ ಬ್ರ್ಯಾಂಡ್‌ಗಳ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದರಿಂದ, ಗ್ರಾಹಕರಿಗೆ ಇಮಾಬರಿಯ ಹೆಸರು ಅಷ್ಟಾಗಿ ತಿಳಿದಿರಲಿಲ್ಲ.

ಆಮದಿನ ಹೊಡೆತ

ಚೀನಾ, ವಿಯೆಟ್ನಾಂಗಳಿಂದ ಅಗ್ಗದ ಟವೆಲ್ ಹರಿದುಬಂದಾಗ ಈ ದೌರ್ಬಲ್ಯ ಬಯಲಾಯಿತು. 2001ರಲ್ಲಿ ಉದ್ಯಮವು ಆಮದು ನಿರ್ಬಂಧಕ್ಕಾಗಿ ಸರ್ಕಾರವನ್ನು ಕೋರಿತಾದರೂ ಅದು ಜಾರಿಗೆ ಬರಲಿಲ್ಲ. 2009ರ ವೇಳೆಗೆ ಉತ್ಪಾದನೆಯು 10 ಸಾವಿರ ಟನ್‌ಗಿಂತ ಕೆಳಗಿಳಿಯಿತು. ನೂರಾರು ಘಟಕಗಳು ಮುಚ್ಚಿದವು.

ಒಂದೇ ಗುರುತು, ಒಂದೇ ಪರೀಕ್ಷೆ

2006ರಲ್ಲಿ ಟವೆಲ್ ತಯಾರಕರ ಸಂಘ, ಸ್ಥಳೀಯ ವಾಣಿಜ್ಯೋದ್ಯಮ ಸಂಸ್ಥೆ ಹಾಗೂ ನಗರಾಡಳಿತ ಒಂದುಗೂಡಿ ಬ್ರ್ಯಾಂಡ್ ಯೋಜನೆಯನ್ನು ಕೈಗೊಂಡವು. ವಿನ್ಯಾಸಕಾರ ಕಾಶಿವಾ ಸಾಟೊ ಅವರು ಕೆಂಪು, ನೀಲಿ, ಬಿಳಿ ಬಣ್ಣಗಳ ಸಾಮೂಹಿಕ ಲಾಂಛನವನ್ನು ರೂಪಿಸಿದರು. ಸಂಘದ ಸದಸ್ಯರಾದ ಮಾತ್ರಕ್ಕೆ ಇದನ್ನು ಬಳಸುವಂತಿಲ್ಲ. ಪ್ರತಿಯೊಂದು ಉತ್ಪನ್ನವೂ ನಿಗದಿತ ಗುಣಮಟ್ಟವನ್ನು ಮುಟ್ಟಬೇಕು. ಇವುಗಳಲ್ಲಿ ಪ್ರಸಿದ್ಧವಾದುದು ‘5 ಸೆಕೆಂಡ್ ನಿಯಮ’. ಟವೆಲಿನ ಸಣ್ಣ ತುಂಡೊಂದನ್ನು ನೀರಿನ ಮೇಲಿಟ್ಟಾಗ, ಅದು 5 ಸೆಕೆಂಡಿನೊಳಗೆ ಮುಳುಗಲಾರಂಭಿಸಬೇಕು. ಬಣ್ಣದ ಗಟ್ಟಿತನ, ಬಟ್ಟೆಯ ಬಾಳಿಕೆ ಮುಂತಾದವುಗಳಿಗೂ ಪರೀಕ್ಷೆಗಳಿವೆ.

2010ರ ನಂತರ ಕೆಲವು ವರ್ಷಗಳ ಕಾಲ ಉತ್ಪಾದನೆ ಮತ್ತೆ ಏರಿತು. ಹಳೆಯ ಪ್ರಮಾಣ ಮರಳಲಿಲ್ಲ, ಮುಚ್ಚಿದ ಘಟಕಗಳು ತೆರೆಯಲಿಲ್ಲ. ಆದರೂ ‘ಇಮಾಬರಿ’ ಎಂಬ ಹೆಸರಿಗೇ ಗ್ರಾಹಕರು ಹೆಚ್ಚಿನ ಬೆಲೆ ಕೊಡುವಂತಾಯಿತು.

ಗಮನಿಸಬೇಕಾದ ಅಂಶ

ಬೆಲೆಯ ಪೈಪೋಟಿಯಲ್ಲಿ ಸಣ್ಣ ಘಟಕವು ದೊಡ್ಡ ಆಮದುದಾರನನ್ನು ಎದುರಿಸುವುದು ಕಷ್ಟ. ಪರಸ್ಪರ ಪ್ರತಿಸ್ಪರ್ಧಿಗಳಾದ ತಯಾರಕರು ಒಂದೇ ಮಾನದಂಡಕ್ಕೆ ಒಪ್ಪಿ, ಅದರಲ್ಲಿ ಸೋತ ಸರಕಿಗೆ ಗುರುತನ್ನು ನಿರಾಕರಿಸುವಷ್ಟು ಶಿಸ್ತು ತೋರಿದರೆ ಮಾತ್ರ ಸಾಮೂಹಿಕ ಹೆಸರಿಗೆ ಬೆಲೆ ಬರುತ್ತದೆ. ಲಾಂಛನ ರಚಿಸುವುದು ಸುಲಭ. ಅದನ್ನು ಕಾಯುವುದೇ ನಿಜವಾದ ಕೆಲಸ.