ಜೀಪಿನೊಳಗೆ ನುಗ್ಗುವ ಧೂಳನ್ನು ತಡೆಯುವುದು ಹೇಗೆ?

ಮಲೆನಾಡಿನ ರಸ್ತೆ ಎಂದೊಡನೆ ಕೆಸರು ನೆನಪಿಗೆ ಬರುವುದು ಸಹಜ. ಎಡಕುಮೇರಿ, ಮಾರನಹಳ್ಳಿ, ಬಿಸಿಲೆಯಂತಹ ಘಟ್ಟದಂಚಿನ ಪ್ರದೇಶಗಳಲ್ಲಿ ಮಳೆಗಾಲದ ಮಾತೇ ಹೆಚ್ಚು. ಆದರೆ ಡಿಸೆಂಬರಿನಿಂದ ಹೂಮಳೆ ಬೀಳುವವರೆಗೆ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ತೋಟದ ರಸ್ತೆಗಳಲ್ಲಿ ಕೆಂಪು ಮಣ್ಣು ಹಿಟ್ಟಿನಂತಾಗಿ, ಒಂದು ಜೀಪು ಹಾದು ಹೋದರೆ ರಸ್ತೆಯೇ ಕಾಣದಂತಾಗುತ್ತದೆ. ಕಾಫಿ ಕೊಯ್ಲು ನಡೆಯುವುದೂ ಈ ತಿಂಗಳುಗಳಲ್ಲೇ. ಆಳುಗಳನ್ನು ಕರೆತರಲು, ಹಣ್ಣಿನ ಚೀಲ ಸಾಗಿಸಲು, ಮಕ್ಕಳನ್ನು ಶಾಲೆಯ ಬಸ್ಸಿಗೆ ಮುಟ್ಟಿಸಲು ಜೀಪು ದಿನಕ್ಕೆ ಹಲವು ಬಾರಿ ಓಡಾಡಬೇಕು. ಎಡಕುಮೇರಿಯ ಮೇಲೆ 1979ರಲ್ಲಿ ರೈಲು ಹಾದಿ ಬಂದರೂ, ಸುತ್ತಲಿನ ಗುಡ್ಡಗಳ ತೋಟಗಳಿಗೆ ಜೀಪೇ ಗತಿ.

ಈ ಧೂಳನ್ನು ಬಟ್ಟೆ ಕೊಳೆಯಾಗುವ ತೊಂದರೆ ಎಂದಷ್ಟೇ ಎಣಿಸುವವರು ಬಹಳ. ವಾಸ್ತವವಾಗಿ ನಮ್ಮ ಕೆಂಪು ಮಣ್ಣಿನ ಧೂಳಿನಲ್ಲಿ ಜೇಡಿಯ ಜೊತೆಗೆ ಬಿಳಿಕಲ್ಲಿನ, ಅಂದರೆ ಸಿಲಿಕಾದ, ಸೂಕ್ಷ್ಮ ಕಣಗಳೂ ಇರುತ್ತವೆ. ದಪ್ಪ ಕಣಗಳು ಮೂಗಿನಲ್ಲೇ ನಿಲ್ಲುತ್ತವೆ. ಒಂದು ಮಿಲಿಮೀಟರಿನ ಇನ್ನೂರನೇ ಒಂದು ಭಾಗಕ್ಕಿಂತ ಸಣ್ಣವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಜೀಪಿನಲ್ಲಿ ಇವನ್ನು ಹೆಚ್ಚು ಸೇವಿಸುವವರು ಹಿಂದೆ ಕುಳಿತವರು. ಮಾಲೀಕರು ಸಾಮಾನ್ಯವಾಗಿ ಮುಂದಿನ ಆಸನದಲ್ಲಿ ಕುಳಿತುಕೊಳ್ಳುವುದರಿಂದ ತೊಂದರೆಯ ಪ್ರಮಾಣ ಅವರ ಅರಿವಿಗೆ ಬರುವುದಿಲ್ಲ. ಕೊಯ್ಲಿನ ಕಾಲದಲ್ಲಿ ಒಂದು ದಿನ ನೀವೂ ಹಿಂದೆ ಕುಳಿತು ಪ್ರಯಾಣ ಮಾಡಿ ನೋಡಿ.

ಧೂಳು ಬರುವುದು ಹಿಂದಿನಿಂದ

ಮುಂದಿನಿಂದ ಗಾಳಿ ಬೀಸುವುದರಿಂದ ಧೂಳೂ ಮುಂದಿನಿಂದಲೇ ಬರುತ್ತದೆಂಬ ನಂಬಿಕೆಯಿಂದ ಅನೇಕರು ಮುಂದಿನ ಗಾಜುಗಳನ್ನೆಲ್ಲ ಏರಿಸಿ, ಹಿಂದಿನ ಟಾರ್ಪಾಲು ಪರದೆಯನ್ನು ಸುತ್ತಿ ಮೇಲೆ ಕಟ್ಟಿರುತ್ತಾರೆ. ಇದು ತಲೆಕೆಳಗಾದ ಕ್ರಮ. ಓಡುವ ಜೀಪು ಗಾಳಿಯನ್ನು ಸೀಳಿಕೊಂಡು ಹೋಗುವಾಗ ಅದರ ಬೆನ್ನಿಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಚಕ್ರಗಳು ಎಬ್ಬಿಸಿದ ಧೂಳು ಅಲ್ಲಿ ಸುಳಿಸುತ್ತಿ, ವಾಹನದ ಜೊತೆಯಲ್ಲೇ ಬರುತ್ತದೆ. ಹಿಂಭಾಗ ತೆರೆದಿದ್ದು ಮುಂಭಾಗ ಮುಚ್ಚಿದ್ದರೆ ಆ ಧೂಳು ಒಳಗೆ ನುಗ್ಗಿ ಚಾಲಕನ ಕಡೆಗೆ ಹರಿಯುವುದು.

ಇದನ್ನು ಪರೀಕ್ಷಿಸುವುದು ಸುಲಭ. ಹಿಂದಿನ ಹುಡ್ಡಿನ ಕಂಬಿಗೆ ಒಂದು ಗೇಣು ಹತ್ತಿ ದಾರವನ್ನು ಇಳಿಬಿಡಿ. ಚಾಲಕ ಜೀಪನ್ನು ಗಂಟೆಗೆ 20–25 ಕಿಲೋಮೀಟರ್ ವೇಗದಲ್ಲಿ ನಡೆಸಲಿ, ಹಿಂದೆ ಕುಳಿತವರೊಬ್ಬರು ದಾರವನ್ನು ಗಮನಿಸಲಿ. ದಾರ ಮುಂದಕ್ಕೆ ವಾಲಿದರೆ ಗಾಳಿ ಹಿಂದಿನಿಂದ ಒಳಕ್ಕೆ ಬರುತ್ತಿದೆ ಎಂದರ್ಥ. ಈಗ ಹಿಂದಿನ ಪರದೆಯನ್ನು ಇಳಿಸಿ ಬಿಗಿದು, ಮುಂದಿನ ಎರಡು ಗಾಜುಗಳನ್ನು ನಾಲ್ಕು ಬೆರಳಷ್ಟು ಇಳಿಸಿ, ಡ್ಯಾಶ್‌ಬೋರ್ಡಿನ ಗಾಳಿಕಿಂಡಿಯಿದ್ದರೆ ಅದನ್ನೂ ತೆರೆದು ಮತ್ತೆ ನೋಡಿ. ದಾರ ಹಿಂದಕ್ಕೆ ವಾಲುವವರೆಗೆ ಮುಂದಿನ ಕಿಂಡಿಯನ್ನು ಹೆಚ್ಚಿಸುತ್ತ, ಹಿಂದಿನ ಸಂದುಗಳನ್ನು ಮುಚ್ಚುತ್ತ ಬರಬೇಕು. ಶುದ್ಧ ಗಾಳಿ ಮುಂದಿನಿಂದ ಒಳಗೆ ಬಂದು, ಉಳಿದ ಸಣ್ಣಪುಟ್ಟ ಸಂದುಗಳಿಂದ ಹೊರಗೆ ಹೋಗುತ್ತಿದ್ದರೆ ಧೂಳಿಗೆ ಒಳಗೆ ಬರಲು ಎಡೆಯಿರುವುದಿಲ್ಲ.

ಇನ್ನೊಂದು ಕಾರಣಕ್ಕೂ ಈ ಪರೀಕ್ಷೆ ಅತ್ಯವಶ್ಯ. ಧೂಳು ಬರುವ ದಾರಿಯಲ್ಲೇ ಸೈಲೆನ್ಸರಿನ ಹೊಗೆಯೂ ಬರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಜೀಪಿನಲ್ಲಿ ಹಿಂದೆ ಕುಳಿತವರಿಗೆ ತಲೆನೋವು, ಓಕರಿಕೆ ಬಂದರೆ ಅದನ್ನು ಘಾಟಿಯ ತಿರುವಿನ ಮೇಲೆ ಹೊರಿಸಿ ಸುಮ್ಮನಾಗಬಾರದು. ಸೈಲೆನ್ಸರಿನ ಕೊಳವೆ ತೂತಾಗಿದೆಯೇ, ಅದರ ತುದಿ ಬಾಡಿಯ ಅಂಚನ್ನು ದಾಟಿ ಹೊರಗೆ ಬಂದಿದೆಯೇ ಎಂದು ನೋಡಿಸಬೇಕು. ಹಿಂದಿನ ಪರದೆಯನ್ನು ಬಿಗಿಯುವಾಗ ಒಳಗಿನಿಂದ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕುವುದು ಕ್ಷೇಮ.

ಹವಾನಿಯಂತ್ರಣವಿರುವ ಹೊಸ ವಾಹನಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಒತ್ತಿದರೆ ಧೂಳು ನಿಲ್ಲುತ್ತದೆಂದು ಚಾಲಕರು ಭಾವಿಸುತ್ತಾರೆ. ಆಗ ಒಳಗೆ ಒತ್ತಡ ಏರುವುದಿಲ್ಲ, ಹಿಂಬಾಗಿಲಿನ ಸಂದಿನಿಂದ ಧೂಳು ಸೇರುತ್ತಲೇ ಇರುವುದು. ಹೊರಗಿನ ಗಾಳಿಯನ್ನು ಒಳಗೆ ತರುವ ಸ್ಥಾನದಲ್ಲಿಟ್ಟು ಫ್ಯಾನನ್ನು ಜೋರಾಗಿ ನಡೆಸುವುದು ಮೇಲು. ಆ ಗಾಳಿಯನ್ನು ಸೋಸುವ ಫಿಲ್ಟರನ್ನು ಕೊಯ್ಲಿಗೆ ಮುಂಚೆ ಬದಲಾಯಿಸಿಕೊಳ್ಳಿ. ಎದುರಿನಿಂದ ವಾಹನ ಬಂದಾಗ ಮಾತ್ರ ಅರ್ಧ ನಿಮಿಷ ಎಲ್ಲವನ್ನೂ ಮುಚ್ಚಿದರಾಯಿತು.

ಸಂದುಗಳನ್ನು ಹುಡುಕುವ ಬಗೆ

ರಾತ್ರಿ ಜೀಪಿನೊಳಗೆ ಪ್ರಬಲವಾದ ಟಾರ್ಚು ಹಚ್ಚಿಟ್ಟು, ಬಾಗಿಲು ಮುಚ್ಚಿ, ಹೊರಗಿನಿಂದ ಸುತ್ತು ಹಾಕಿ. ಬೆಳಕು ಸೋರುವಲ್ಲೆಲ್ಲ ಧೂಳೂ ಸೋರುತ್ತದೆ. ಬಾಗಿಲಿನ ರಬ್ಬರು ಬೀಡಿಂಗಿಗೆ ಸೀಮೆಸುಣ್ಣ ಬಳಿದು ಬಾಗಿಲನ್ನು ಒಮ್ಮೆ ಮುಚ್ಚಿ ತೆರೆದರೆ, ಚೌಕಟ್ಟಿನ ಮೇಲೆ ಗುರುತು ಬೀಳದ ಕಡೆ ಬೀಡಿಂಗು ಕೂರುತ್ತಿಲ್ಲವೆಂದು ತಿಳಿಯುವುದು. ಎಲ್ಲರೂ ಬಾಗಿಲನ್ನು ನೋಡುತ್ತಾರೆ, ನೆಲವನ್ನು ಮರೆಯುತ್ತಾರೆ. ಗೇರು ಹಿಡಿಯ ಬುಡದ ರಬ್ಬರು ಚೀಲ ಹರಿದಿರುವುದು, ಪೆಡಲುಗಳ ತೂತು, ವೈರು ಹಾದುಹೋಗುವ ತೂತುಗಳಲ್ಲಿ ರಬ್ಬರು ಉಂಗುರ ಇಲ್ಲದಿರುವುದು, ನೆಲದ ನೀರುಕಂಡಿಗಳ ಮುಚ್ಚಳ ಬಿದ್ದುಹೋಗಿರುವುದು ಇವೆಲ್ಲ ಹಳೆಯ ಜೀಪುಗಳಲ್ಲಿ ಸಾಮಾನ್ಯ. ಹಳೆಯ ಟ್ಯೂಬಿನ ರಬ್ಬರನ್ನು ಕತ್ತರಿಸಿ ಸ್ಕ್ರೂ ಹಾಕಿ ಕೂರಿಸಿದರೆ ಇವುಗಳಲ್ಲಿ ಬಹುಪಾಲು ಸರಿಹೋಗುತ್ತದೆ. ಖರ್ಚೂ ಅತ್ಯಲ್ಪ.

ಮುಂದಿನ ವಾಹನದಿಂದ ಎಷ್ಟು ದೂರವಿರಬೇಕು?

ಮುಂದಿನ ಜೀಪಿನ ಧೂಳಿನಲ್ಲೇ ಹೋಗುತ್ತಿದ್ದರೆ ಮೇಲೆ ಹೇಳಿದ ಏರ್ಪಾಡು ವ್ಯರ್ಥ, ಏಕೆಂದರೆ ಮುಂದಿನಿಂದ ಬರುವ ಗಾಳಿಯೇ ಧೂಳು ತುಂಬಿದ್ದಾಗಿರುತ್ತದೆ. ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ದಪ್ಪದ ಕಣ ನಿಶ್ಚಲ ಗಾಳಿಯಲ್ಲಿ ಒಂದು ಮೀಟರ್ ಇಳಿಯಲು ಸುಮಾರು ಎರಡು ನಿಮಿಷ ಬೇಕು. ಅದರ ಅರ್ಧದಷ್ಟು ದಪ್ಪದ ಕಣಕ್ಕೆ ಸುಮಾರು ಎಂಟು ನಿಮಿಷ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಎರಡು ನಿಮಿಷವೆಂದರೆ ಒಂದು ಕಿಲೋಮೀಟರ್ ದೂರ. ಬಯಲಿನಲ್ಲಿ ಅಡ್ಡಗಾಳಿ ಧೂಳನ್ನು ಒಯ್ದುಬಿಡುತ್ತದೆ. ನಮ್ಮ ತೋಟದ ರಸ್ತೆಗಳೋ ಎರಡೂ ಕಡೆ ದರೆ, ಮೇಲೆ ನೆರಳು ಮರ. ಗಾಳಿಯಾಡದೆ ಧೂಳು ಅಲ್ಲೇ ತೂಗಾಡುತ್ತದೆ. ಆದುದರಿಂದ ಎರಡು ಜೀಪುಗಳು ಒಟ್ಟಿಗೆ ಹೊರಡುವ ಬದಲು ಐದಾರು ನಿಮಿಷ ಅಂತರದಲ್ಲಿ ಹೊರಡಲಿ. ಲೈನ್ ಮನೆಗಳು ಮತ್ತು ಕಾಫಿ ಕಣದ ಬಳಿ ವೇಗವನ್ನು ಪೂರ್ತಿ ತಗ್ಗಿಸಬೇಕು. ಇಡೀ ರಸ್ತೆಗೆ ನೀರು ಚಿಮುಕಿಸುವುದು ನನಗೆ ಒಪ್ಪಿಗೆಯಿಲ್ಲ. ಫೆಬ್ರವರಿ–ಮಾರ್ಚಿನಲ್ಲಿ ಆ ನೀರು ಕಾಫಿಯ ಹೂವಿಗೆ ಬೇಕು. ಮನೆ ಮತ್ತು ಕಣದ ಮುಂದಿನ ನೂರು ಅಡಿಗೆ ಚಿಮುಕಿಸಿದರೆ ಸಾಕು. ರಸ್ತೆಯಂಚಿನ ಕಾಫಿ ಗಿಡಗಳ ಎಲೆಗಳ ಮೇಲೆ ಧೂಳು ಕುಳಿತರೆ ಒಣಹವೆಯಲ್ಲಿ ಕೆಂಪು ನುಸಿಯ ಬಾಧೆ ಹೆಚ್ಚುವುದನ್ನೂ ಇಲ್ಲಿ ಜ್ಞಾಪಕದಲ್ಲಿಡಬಹುದು.

ಮುಖಕ್ಕೆ ಕಟ್ಟಿದ ಟವೆಲು ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಹಿಂದೆ ಕೂರುವವರಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಎನ್-95 ಮಾಸ್ಕನ್ನು ಕೊಡುವುದು ಮೇಲು. ಸಂಜೆ ಜೀಪನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಎಂಜಿನ್ನಿನ ಉಸಿರು

ಸಿಲಿಕಾ ಕಣ ಸಾಮಾನ್ಯ ಉಕ್ಕಿಗಿಂತ ಗಟ್ಟಿ. ಎಂಜಿನ್ನಿನೊಳಗೆ ಹೋದರೆ ಪಿಸ್ಟನ್ ರಿಂಗುಗಳನ್ನು ಅರದಂತೆ ತೇಯುತ್ತದೆ. ಹಳೆಯ ಜೀಪುಗಳ ಎಣ್ಣೆ ಬಟ್ಟಲಿನ ಏರ್ ಕ್ಲೀನರನ್ನು ಧೂಳಿನ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಬಿಚ್ಚಿ, ತಳದ ಕೆಸರನ್ನು ತೆಗೆದು, ಗುರುತಿನ ಮಟ್ಟಕ್ಕೆ ಮಾತ್ರ ಹೊಸ ಎಣ್ಣೆ ತುಂಬಿ. ಗುರುತು ಮೀರಿದರೆ ಎಣ್ಣೆಯೇ ಎಂಜಿನ್ನಿಗೆ ಹೋಗುತ್ತದೆ. ಕಾಗದದ ಫಿಲ್ಟರಾದರೆ ಒಳಗಿನಿಂದ ಹೊರಕ್ಕೆ ಮೆಲ್ಲನೆ ಗಾಳಿ ಹಿಡಿಯಬೇಕು. ನೆಲಕ್ಕೆ ಬಡಿಯುವುದು, ನೀರಿನಲ್ಲಿ ತೊಳೆಯುವುದು ಕೂಡದು. ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯ ಒಳಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಹತ್ತಿದರೆ ಫಿಲ್ಟರು ಎಷ್ಟೇ ಹೊಸದಾಗಿದ್ದರೂ ಧೂಳು ಎಲ್ಲೋ ದಾಟಿ ಬರುತ್ತಿದೆ. ಕೊಳವೆಯ ಬಿರುಕು ಹಾಗೂ ಬಿಗಿಪಟ್ಟಿಗಳನ್ನು ಅಂದೇ ಸರಿಪಡಿಸಬೇಕು.

ಹೂಮಳೆಯ ನಂತರ ಧೂಳು ಅಡಗುತ್ತದೆ. ನೆಲದ ನೀರುಕಂಡಿಗಳಿಗೆ ಹಾಕಿದ ಮುಚ್ಚಳಗಳನ್ನು ಜೂನ್ ಮಳೆಗೆ ಮುಂಚೆ ತೆಗೆದು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಡಿ. ಹಾಗೆಯೇ ಬಿಟ್ಟರೆ ಮ್ಯಾಟಿನ ಕೆಳಗೆ ನೀರು ನಿಂತು, ಮುಂದಿನ ಡಿಸೆಂಬರಿನ ಹೊತ್ತಿಗೆ ನೆಲದ ತಗಡೇ ತುಕ್ಕು ಹಿಡಿದು ತೂತಾಗಿರುತ್ತದೆ.