ಕಚೇರಿಯ ಕಂಪ್ಯೂಟರ್‌ನಲ್ಲಿ ಲಿನಕ್ಸ್: ಅಳವಡಿಕೆಯ ತೊಡಕುಗಳು ಮತ್ತು ಪರಿಹಾರಗಳು

ಮೈಕ್ರೊಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಮುಂದಿನ ಆವೃತ್ತಿಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವನ್ನೂ, ಇಂಟೆಲ್ ಪ್ರಾಸೆಸರ್ ಆಗಿದ್ದಲ್ಲಿ ಸಾಮಾನ್ಯವಾಗಿ ಎಂಟನೆಯ ತಲೆಮಾರಿನ ಅಥವಾ ಅದರ ನಂತರದ ಪ್ರಾಸೆಸರನ್ನೂ ಅಪೇಕ್ಷಿಸುತ್ತದೆ. ಇದರಿಂದಾಗಿ ಯಾವ ದೋಷವೂ ಇಲ್ಲದೆ ನಡೆಯುತ್ತಿರುವ ಎಷ್ಟೋ ಕಂಪ್ಯೂಟರ್‌ಗಳು ಸಣ್ಣ ಮತ್ತು ಮಧ್ಯಮ ವ್ಯಾಪಾರ ಸಂಸ್ಥೆಗಳಲ್ಲಿ ಒಮ್ಮೆಲೇ ಹಳೆಯವಾಗಿವೆ. ಇಂಥ ಯಂತ್ರಗಳಿಗೆ ಲಿನಕ್ಸ್ ಅಳವಡಿಸುವ ಆಲೋಚನೆ ವ್ಯಾಪಾರಿಗಳಲ್ಲಿ ಮೂಡುವುದು ಸಹಜ.

ಲೀನಸ್ ಟೋರ್ವಾಲ್ಡ್ಸ್ ಫಿನ್ಲೆಂಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1991ರಲ್ಲಿ, ಲಿನಕ್ಸ್‌ನ ಮೂಲ ತಿರುಳನ್ನು ಪ್ರಕಟಿಸಿದರು. ಅದರ ಮೇಲೆ ಕಟ್ಟಲಾದ ಉಬುಂಟು, ಲಿನಕ್ಸ್ ಮಿಂಟ್, ಫೆಡೋರಾ ಹಾಗೂ ಭಾರತದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಮೊದಲಾದವು ಇಂದು ಬಳಕೆಯಲ್ಲಿವೆ. ಇವುಗಳನ್ನು ಪರವಾನಗಿ ಶುಲ್ಕವಿಲ್ಲದೆ ಪಡೆಯಬಹುದು. ಆದರೆ ಶುಲ್ಕವಿಲ್ಲ ಎಂದ ಮಾತ್ರಕ್ಕೆ ವೆಚ್ಚವಿಲ್ಲ ಎಂದು ಭಾವಿಸಬಾರದು. ಪೂರ್ವಸಿದ್ಧತೆ ಇಲ್ಲದೆ ಕೈಹಾಕಿದಲ್ಲಿ ನಷ್ಟವಾಗುವುದು ಕಂಪ್ಯೂಟರ್ ಅಲ್ಲ, ಅದರೊಳಗಿನ ಲೆಕ್ಕಪತ್ರ. ಕಂಪನಿ ಕಾಯಿದೆ 2013ರ ಪ್ರಕಾರ ಕಂಪನಿಗಳು ಲೆಕ್ಕಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳವರೆಗೆ ಕಾಪಾಡಬೇಕು. ಜಿಎಸ್‌ಟಿ ಕಾಯಿದೆಯ ಪ್ರಕಾರ ನೋಂದಾಯಿತ ವ್ಯಾಪಾರಿಯು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳವರೆಗೆ ದಾಖಲೆಗಳನ್ನು ಇಟ್ಟುಕೊಳ್ಳಬೇಕು. ಕಂಪ್ಯೂಟರ್ ಬದಲಾಯಿತೆಂಬ ಕಾರಣಕ್ಕೆ ಈ ಹೊಣೆ ತಪ್ಪುವುದಿಲ್ಲ. ಆದುದರಿಂದ ಲಿನಕ್ಸ್ ಅಳವಡಿಕೆಯಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕುಗಳನ್ನೂ ಅವುಗಳ ಪರಿಹಾರಗಳನ್ನೂ ವ್ಯಾಪಾರ ಕಚೇರಿಯ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

1. ಯಾವ ಕಂಪ್ಯೂಟರ್, ಯಾವ ದಿನ?

ನಾಲ್ಕು ಕಂಪ್ಯೂಟರ್‌ಗಳಿರುವ ಒಂದು ಸಗಟು ಮಳಿಗೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಒಂದರಲ್ಲಿ ಟ್ಯಾಲಿ ಮತ್ತು ಡಿಜಿಟಲ್ ಸಹಿ, ಇನ್ನೊಂದರಲ್ಲಿ ಬಿಲ್ಲಿಂಗ್, ಉಳಿದೆರಡರಲ್ಲಿ ಪತ್ರವ್ಯವಹಾರ, ಇ-ಮೇಲ್, ಬ್ಯಾಂಕಿಂಗ್ ಹಾಗೂ ಇ-ವೇ ಬಿಲ್ ಕೆಲಸ ನಡೆಯುತ್ತದೆ ಎಂದಿಟ್ಟುಕೊಳ್ಳೋಣ. ಕೊನೆಯ ಎರಡು ಯಂತ್ರಗಳ ಕೆಲಸವೆಲ್ಲ ಬಹುಮಟ್ಟಿಗೆ ಬ್ರೌಸರ್‌ನಲ್ಲಿಯೇ ಆಗುವುದರಿಂದ ಲಿನಕ್ಸ್ ಅಳವಡಿಸಲು ಅವೇ ಸೂಕ್ತ. ಟ್ಯಾಲಿ ಇರುವ ಯಂತ್ರವನ್ನು ಮೊದಲು ಮುಟ್ಟುವುದು ತರವಲ್ಲ. ಒಂದು ಯಂತ್ರವನ್ನು ಬದಲಿಸಿ, ಒಂದು ಪೂರ್ಣ ತಿಂಗಳ ಕೆಲಸ ಅದರಲ್ಲಿ ಸುಗಮವಾಗಿ ನಡೆದ ನಂತರವೇ ಎರಡನೆಯದಕ್ಕೆ ಹೋಗುವುದು ವಿವೇಕದ ಮಾರ್ಗ.

ದಿನದ ಆಯ್ಕೆಯೂ ಅಷ್ಟೇ ಮುಖ್ಯ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರಿಗೆ ಸಾಮಾನ್ಯವಾಗಿ ಜಿಎಸ್‌ಟಿಆರ್-1ಕ್ಕೆ ಮರುತಿಂಗಳ 11, ಜಿಎಸ್‌ಟಿಆರ್-3ಬಿಗೆ 20 ಕೊನೆಯ ದಿನ. 18ರಂದು ಅಳವಡಿಕೆ ಆರಂಭಿಸಿ 20ರಂದು ಕಂಪ್ಯೂಟರ್ ತೆರೆದುಕೊಳ್ಳದಿದ್ದಲ್ಲಿ ತೆರಿಗೆ ಬಾಕಿಯ ಮೇಲೆ ವಾರ್ಷಿಕ ಶೇಕಡ 18ರ ಬಡ್ಡಿ, ಜೊತೆಗೆ ದಿನಕ್ಕೆ 50 ರೂಪಾಯಿಯಂತೆ ವಿಳಂಬ ಶುಲ್ಕ ತೆರಬೇಕಾಗುತ್ತದೆ. 20ನೆಯ ತಾರೀಖು ಕಳೆದ ಮೇಲಿನ ವಾರವೇ ಈ ಕೆಲಸಕ್ಕೆ ಪ್ರಶಸ್ತ.

2. ಮುನ್ನೆಚ್ಚರಿಕೆಗಳು

ಅಳವಡಿಕೆಗೆ ಮೊದಲು ಈ ಕೆಳಗಿನ ಅಂಶಗಳನ್ನು ಪೂರೈಸಿಕೊಳ್ಳತಕ್ಕದ್ದು.

ಅ) ಲೆಕ್ಕಪತ್ರದ ದತ್ತಾಂಶ, ಪತ್ರಗಳು, ಸ್ಕ್ಯಾನ್ ಮಾಡಿದ ಬಿಲ್ಲುಗಳು ಹಾಗೂ ಇ-ಮೇಲ್‌ಗಳನ್ನು ಎರಡು ಪ್ರತ್ಯೇಕ ಸಾಧನಗಳಿಗೆ ಬ್ಯಾಕಪ್ ಮಾಡಬೇಕು. ಬ್ಯಾಕಪ್ ಆಯಿತು ಎಂಬ ಸಂದೇಶವನ್ನು ನಂಬಿ ಕೂರಬಾರದು. ಅದನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು, ಟ್ರಯಲ್ ಬ್ಯಾಲೆನ್ಸ್‌ನ ಮೊತ್ತವು ಮೂಲದೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ತಾಳೆಯಾಗದ ಬ್ಯಾಕಪ್ ಇದ್ದೂ ಇಲ್ಲದಂತೆ.

ಆ) ಟ್ಯಾಲಿಯ ಪರವಾನಗಿ ಆಯಾ ಯಂತ್ರಕ್ಕೆ ಹೊಂದಿಕೊಂಡಿರುತ್ತದೆ. ಡಿಸ್ಕ್ ಅಳಿಸುವ ಮುನ್ನ ತಂತ್ರಾಂಶದ ಲೈಸೆನ್ಸಿಂಗ್ ಭಾಗದಲ್ಲಿ ಪರವಾನಗಿಯನ್ನು ಸರೆಂಡರ್ ಮಾಡಬೇಕು. ಇದನ್ನು ಮರೆತವರು ಹೊಸ ಯಂತ್ರದಲ್ಲಿ ಪರವಾನಗಿ ಚಾಲನೆಗೊಳಿಸಲು ಅನಗತ್ಯವಾಗಿ ಅಲೆಯಬೇಕಾದೀತು.

ಇ) ವಿಂಡೋಸ್‌ನ ಬಿಟ್‌ಲಾಕರ್ ಗೂಢಲಿಪೀಕರಣ ಚಾಲನೆಯಲ್ಲಿದ್ದರೆ ಅದರ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದಿಡಬೇಕು. ಬೂಟ್ ವ್ಯವಸ್ಥೆಯಲ್ಲಿ ಬದಲಾವಣೆಯಾದಾಗ ವಿಂಡೋಸ್ ಈ ಕೀಲಿಯನ್ನು ಕೇಳುವ ಸಂಭವವಿದೆ. ಕೀಲಿ ಇಲ್ಲದಿದ್ದಲ್ಲಿ ಡಿಸ್ಕಿನ ದತ್ತಾಂಶ ಯಾರಿಗೂ ದಕ್ಕುವುದಿಲ್ಲ.

ಈ) ಡೌನ್‌ಲೋಡ್ ಮಾಡಿದ ಲಿನಕ್ಸ್ ಕಡತದ ಚೆಕ್‌ಸಮ್ ಸಂಖ್ಯೆಯನ್ನು ತಯಾರಕರು ಪ್ರಕಟಿಸಿದ ಸಂಖ್ಯೆಯೊಂದಿಗೆ ಹೋಲಿಸಬೇಕು. ಬ್ಯಾಂಕಿನ ಶಿಲ್ಕಿಗೂ ಖಾತೆಯ ಶಿಲ್ಕಿಗೂ ತಾಳೆ ನೋಡುವಂತೆಯೇ ಇದು. ಅರ್ಧಕ್ಕೆ ನಿಂತುಹೋಗುವ ಅಳವಡಿಕೆಗೆ ಕೆಟ್ಟ ಕಡತ ಅಥವಾ ಕೆಟ್ಟ ಪೆನ್‌ಡ್ರೈವ್ ಕಾರಣವಾಗಿರುವುದುಂಟು.

ಉ) ಪೆನ್‌ಡ್ರೈವ್‌ನಿಂದ ಲಿನಕ್ಸನ್ನು ಅಳವಡಿಸದೆಯೇ ನಡೆಸಿ ನೋಡುವ ‘ಲೈವ್’ ಸೌಲಭ್ಯವಿದೆ. ವೈ-ಫೈ, ಧ್ವನಿ, ಪ್ರಿಂಟರ್, ಸ್ಕ್ಯಾನರ್ ಎಲ್ಲವನ್ನೂ ಈ ಹಂತದಲ್ಲಿಯೇ ಪರೀಕ್ಷಿಸಿಕೊಂಡರೆ ಮುಂದಿನ ತೊಂದರೆಗಳಲ್ಲಿ ಬಹುಪಾಲು ಮೊದಲೇ ತಿಳಿದುಬರುತ್ತವೆ.

3. ಅಳವಡಿಕೆಯ ಹಂತದ ತೊಡಕುಗಳು

ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆರಂಭವಾಗದಿರುವುದು: ಯಂತ್ರ ಚಾಲೂ ಆದ ಕೂಡಲೇ ಎಫ್12, ಎಫ್2, ಎಸ್ಕೇಪ್ ಅಥವಾ ಡಿಲೀಟ್ ಕೀಲಿಯನ್ನು ಒತ್ತಿ ಬೂಟ್ ಪಟ್ಟಿಯಲ್ಲಿ ಪೆನ್‌ಡ್ರೈವನ್ನು ಆರಿಸಬೇಕು. ಯಾವ ಕೀಲಿ ಎಂಬುದು ತಯಾರಕರನ್ನು ಅವಲಂಬಿಸಿರುತ್ತದೆ. ಕಡತವನ್ನು ಪೆನ್‌ಡ್ರೈವ್‌ಗೆ ಸುಮ್ಮನೆ ನಕಲು ಮಾಡಿದರೆ ಸಾಲದು. ರೂಫಸ್ ಅಥವಾ ಎಚರ್‌ನಂಥ ತಂತ್ರಾಂಶದ ಮೂಲಕವೇ ಬರೆಯಬೇಕು.

ಪರದೆ ಕಪ್ಪಾಗುವುದು: ಇದಕ್ಕೆ ಹೆಚ್ಚಾಗಿ ಗ್ರಾಫಿಕ್ಸ್ ಕಾರ್ಡ್ ಕಾರಣ, ವಿಶೇಷವಾಗಿ ಎನ್‌ವಿಡಿಯಾ ಕಾರ್ಡ್ ಇರುವ ಯಂತ್ರಗಳಲ್ಲಿ. ಆರಂಭದ ಪಟ್ಟಿಯಲ್ಲಿ ಉಬುಂಟುವಿನ ‘ಸೇಫ್ ಗ್ರಾಫಿಕ್ಸ್’ ಅಥವಾ ಮಿಂಟ್‌ನ ‘ಕಂಪ್ಯಾಟಿಬಿಲಿಟಿ ಮೋಡ್’ ಆರಿಸಿ ಮುಂದುವರಿಯಬೇಕು. ಅಳವಡಿಕೆ ಮುಗಿದ ಬಳಿಕ ಡ್ರೈವರ್ ವ್ಯವಸ್ಥಾಪಕದಿಂದ ಸೂಕ್ತ ಡ್ರೈವರ್ ಹಾಕಿಕೊಳ್ಳಬೇಕು. ಸೆಕ್ಯೂರ್ ಬೂಟ್ ಚಾಲನೆಯಲ್ಲಿದ್ದಲ್ಲಿ ಈ ಸಂದರ್ಭದಲ್ಲಿ ಒಂದು ಪಾಸ್‌ವರ್ಡ್ ಕೇಳಲಾಗುತ್ತದೆ. ಮರುಚಾಲನೆಯಾದಾಗ ಕಾಣುವ ನೀಲಿ ಪರದೆಯಲ್ಲಿ ಅದೇ ಪಾಸ್‌ವರ್ಡ್ ನೀಡಿ ಕೀಲಿಯನ್ನು ನೋಂದಾಯಿಸಬೇಕು. ಆ ಪರದೆಯನ್ನು ದಾಟಿಸಿಬಿಟ್ಟವರಿಗೆ ಡ್ರೈವರ್ ಹಾಕಿಯೂ ಕೆಲಸ ಮಾಡುವುದಿಲ್ಲ.

ಹಾರ್ಡ್ ಡಿಸ್ಕ್ ಕಾಣದಿರುವುದು: ಕೆಲವು ಇಂಟೆಲ್ ಯಂತ್ರಗಳಲ್ಲಿ ಡಿಸ್ಕನ್ನು ಆರ್‌ಎಸ್‌ಟಿ ಎಂಬ ವಿಧಾನದಲ್ಲಿ ಇಡಲಾಗಿರುತ್ತದೆ. ಬಯಾಸ್‌ನಲ್ಲಿ ಅದನ್ನು ಎಎಚ್‌ಸಿಐ ವಿಧಾನಕ್ಕೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ. ಆದರೆ ಹಾಗೆ ಬದಲಿಸಿದ ಮೇಲೆ ಹಳೆಯ ವಿಂಡೋಸ್ ತೆರೆದುಕೊಳ್ಳದೆ ಹೋಗಬಹುದು. ವಿಂಡೋಸನ್ನು ಉಳಿಸಿಕೊಳ್ಳುವುದಿದ್ದಲ್ಲಿ ಈ ಬದಲಾವಣೆಯನ್ನು ಅರಿತ ತಂತ್ರಜ್ಞರಿಂದಲೇ ಮಾಡಿಸುವುದು ಲೇಸು.

ಡಿಸ್ಕ್ ವಿಭಜನೆ: ಅತ್ಯಂತ ದುಬಾರಿಯಾದ ತಪ್ಪು ನಡೆಯುವುದು ಇಲ್ಲಿ. ‘ಡಿಸ್ಕ್ ಅಳಿಸಿ ಅಳವಡಿಸು’ ಎಂಬ ಆಯ್ಕೆಯು ಡಿ ಡ್ರೈವ್, ಇ ಡ್ರೈವ್ ಸೇರಿದಂತೆ ಆ ಡಿಸ್ಕಿನಲ್ಲಿರುವ ಸಮಸ್ತವನ್ನೂ ಅಳಿಸುತ್ತದೆ. ಕೇವಲ ಸಿ ಡ್ರೈವ್ ಅಳಿಯುವುದೆಂಬ ಭಾವನೆ ತಪ್ಪು. ಯಂತ್ರದಲ್ಲಿ ಎರಡು ಡಿಸ್ಕ್‌ಗಳಿದ್ದರೆ ದತ್ತಾಂಶವಿರುವ ಡಿಸ್ಕಿನ ಕೇಬಲನ್ನು ಯಂತ್ರ ಆರಿಸಿ ತೆಗೆದಿಟ್ಟು ಅಳವಡಿಕೆ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ.

ವಿಂಡೋಸ್ ಪಟ್ಟಿಯಲ್ಲಿ ಕಾಣದಿರುವುದು: ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡಾಗ ಆರಂಭದ ಪಟ್ಟಿಯನ್ನು ಗ್ರಬ್ ಎಂಬ ತಂತ್ರಾಂಶ ತೋರಿಸುತ್ತದೆ. ಅದರ 2021ರ 2.06 ಆವೃತ್ತಿಯಿಂದ ಇತರ ವ್ಯವಸ್ಥೆಗಳನ್ನು ಹುಡುಕುವ ಕ್ರಿಯೆಯನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಲಾಗಿದೆ. ಗ್ರಬ್‌ನ ಸಂಯೋಜನಾ ಕಡತದಲ್ಲಿ ಅದನ್ನು ಮತ್ತೆ ಚಾಲನೆಗೊಳಿಸಿ ಪಟ್ಟಿಯನ್ನು ನವೀಕರಿಸಬೇಕು. ಒಂದು ವ್ಯವಸ್ಥೆ ಯುಇಎಫ್‌ಐ ವಿಧಾನದಲ್ಲಿಯೂ ಇನ್ನೊಂದು ಹಳೆಯ ಲೆಗಸಿ ವಿಧಾನದಲ್ಲಿಯೂ ಅಳವಡಿಕೆಯಾಗಿದ್ದರೂ ಇದೇ ತೊಂದರೆ ಕಾಣಿಸಿಕೊಳ್ಳುತ್ತದೆ.

4. ದಿನನಿತ್ಯದ ಬಳಕೆಯ ತೊಡಕುಗಳು

ವೈ-ಫೈ: ಕೆಲವು ಬ್ರಾಡ್‌ಕಾಂ ವೈ-ಫೈ ಸಾಧನಗಳಿಗೆ ಪ್ರತ್ಯೇಕ ಡ್ರೈವರ್ ಬೇಕು. ಡ್ರೈವರ್ ಪಡೆಯಲು ಅಂತರ್ಜಾಲ ಬೇಕು, ಅಂತರ್ಜಾಲಕ್ಕೆ ಡ್ರೈವರ್ ಬೇಕು ಎಂಬ ಇಕ್ಕಟ್ಟಿನಿಂದ ಪಾರಾಗಲು ಮೊಬೈಲ್ ಫೋನನ್ನು ಯುಎಸ್‌ಬಿ ಕೇಬಲ್ ಮೂಲಕ ಜೋಡಿಸಿ ಟೆದರಿಂಗ್ ಮಾಡಬಹುದು, ಇಲ್ಲವೆ ಲ್ಯಾನ್ ಕೇಬಲ್ ಬಳಸಬಹುದು.

ಗಡಿಯಾರ: ಲಿನಕ್ಸ್ ಬಳಸಿದ ನಂತರ ವಿಂಡೋಸ್ ತೆರೆದರೆ ಸಮಯ ಐದೂವರೆ ಗಂಟೆ ಹಿಂದೆ ಇರುತ್ತದೆ. ಯಂತ್ರದ ಗಡಿಯಾರದಲ್ಲಿ ಲಿನಕ್ಸ್ ಅಂತರರಾಷ್ಟ್ರೀಯ ಪ್ರಮಾಣ ಕಾಲವನ್ನೂ ವಿಂಡೋಸ್ ಸ್ಥಳೀಯ ಕಾಲವನ್ನೂ ಇಡುವುದೇ ಇದಕ್ಕೆ ಕಾರಣ. ಬೆಳಗಿನ 4 ಗಂಟೆಗೆ ಯಂತ್ರ ಹಿಂದಿನ ದಿನದ ರಾತ್ರಿ 10.30 ತೋರಿಸೀತು. ಬಿಲ್ಲಿನ ದಿನಾಂಕ, ಡಿಜಿಟಲ್ ಸಹಿಯ ಸಮಯಗಳ ದೃಷ್ಟಿಯಿಂದ ಇದು ಅಲಕ್ಷಿಸುವ ವಿಷಯವಲ್ಲ. ಸ್ಥಳೀಯ ಕಾಲವನ್ನೇ ಬಳಸುವಂತೆ ಲಿನಕ್ಸ್‌ನಲ್ಲಿ ಒಮ್ಮೆ ಸೂಚಿಸಿದರೆ ಸರಿಹೋಗುತ್ತದೆ.

ಡಿ ಡ್ರೈವ್‌ಗೆ ಬರೆಯಲಾಗದಿರುವುದು: ಕಡತ ತೆರೆಯುತ್ತದೆ, ಉಳಿಸಲು ಬರುವುದಿಲ್ಲ ಎಂಬ ದೂರು ಸಾಮಾನ್ಯ. ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಡಿಸ್ಕನ್ನು ಪೂರ್ಣವಾಗಿ ಮುಚ್ಚದೆ ಅರೆನಿದ್ರೆಯಲ್ಲಿ ಇಡುವುದರಿಂದ ಲಿನಕ್ಸ್ ಅದನ್ನು ಓದಲಷ್ಟೇ ತೆರೆಯುತ್ತದೆ. ಬಲವಂತವಾಗಿ ಬರೆಯುವ ಉಪಾಯಗಳಿಗೆ ಹೋಗದೆ, ವಿಂಡೋಸ್‌ನಲ್ಲಿ ಆ ಸೌಲಭ್ಯವನ್ನು ತೆಗೆದು ಯಂತ್ರವನ್ನು ಸರಿಯಾಗಿ ಮುಚ್ಚಬೇಕು.

ಪ್ರಿಂಟರ್: ಲಿನಕ್ಸ್‌ನಲ್ಲಿ ಮುದ್ರಣವನ್ನು ಕಪ್ಸ್ ಎಂಬ ವ್ಯವಸ್ಥೆ ನಿರ್ವಹಿಸುತ್ತದೆ. ನೆಟ್‌ವರ್ಕ್ ಸೌಲಭ್ಯವುಳ್ಳ ಹೊಸ ಪ್ರಿಂಟರ್‌ಗಳು ಬಹುಮಟ್ಟಿಗೆ ತಾವಾಗಿಯೇ ಗುರುತಿಸಲ್ಪಡುತ್ತವೆ. ಎಪ್ಸನ್ ಮಾದರಿಯ ಆದೇಶಗಳನ್ನು ಅನುಸರಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ಗಳಿಗೆ ಸಾಮಾನ್ಯ ಎಪ್ಸನ್ ಡ್ರೈವರ್ ಸಾಕಾಗುತ್ತದೆ. ಪುಟವನ್ನು ಸಿದ್ಧಪಡಿಸುವ ಕೆಲಸವನ್ನೆಲ್ಲ ಕಂಪ್ಯೂಟರ್‌ಗೇ ಬಿಡುವ ಅಗ್ಗದ ಹಳೆಯ ಲೇಸರ್ ಪ್ರಿಂಟರ್‌ಗಳಲ್ಲಿ ಮಾತ್ರ ತೊಂದರೆ ಹೆಚ್ಚು. ಅಂಥ ಪ್ರಿಂಟರನ್ನು ವಿಂಡೋಸ್ ಯಂತ್ರಕ್ಕೇ ಉಳಿಸುವುದು ಉತ್ತಮ.

ಕನ್ನಡ: ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪತ್ರಗಳು ಲಿನಕ್ಸ್‌ನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಕಡತ ಕೆಟ್ಟಿದೆ ಎಂದು ಅದನ್ನು ಅಳಿಸಬಾರದು. ಯೂನಿಕೋಡ್‌ಗೆ ಪರಿವರ್ತಿಸಿಕೊಂಡರೆ ಪತ್ರ ಮರಳಿ ಓದಲು ಸಿಗುತ್ತದೆ. ಹೊಸದಾಗಿ ಟೈಪ್ ಮಾಡಲು ಕೀಲಿಮಣೆಯ ಪಟ್ಟಿಯಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ದೊರೆಯುತ್ತದೆ.

ನವೀಕರಣ: ಬೇರೊಂದು ನವೀಕರಣ ನಡೆಯುತ್ತಿರುವಾಗ ಹೊಸ ತಂತ್ರಾಂಶ ಹಾಕಲು ಹೊರಟರೆ ‘ಲಾಕ್’ ಸಂದೇಶ ಬರುತ್ತದೆ. ಕೆಲ ನಿಮಿಷ ಕಾಯುವುದೇ ಪರಿಹಾರ. ಆ ಹೊತ್ತಿನಲ್ಲಿ ಯಂತ್ರದ ವಿದ್ಯುತ್ ತೆಗೆದರೆ ವ್ಯವಸ್ಥೆ ಅರೆಬರೆಯಾಗಿ ಉಳಿಯುತ್ತದೆ. ಆದ್ದರಿಂದ ಯುಪಿಎಸ್ ಇಲ್ಲದ ಯಂತ್ರದಲ್ಲಿ ನವೀಕರಣ ಮಾಡುವುದು ಸಲ್ಲದು. ಮಿಂಟ್‌ನಲ್ಲಿರುವ ಟೈಮ್‌ಶಿಫ್ಟ್ ಸೌಲಭ್ಯದಿಂದ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರಬಹುದು. ಆದರೆ ಬಳಕೆದಾರರ ಸ್ವಂತ ಕಡತಗಳು ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ ಎಂಬುದನ್ನು ನೆನಪಿಡಬೇಕು.

5. ಲೆಕ್ಕಪತ್ರ ತಂತ್ರಾಂಶ ಮತ್ತು ಡಿಜಿಟಲ್ ಸಹಿ

ಟ್ಯಾಲಿಯನ್ನು ವಿಂಡೋಸ್‌ಗಾಗಿ ರೂಪಿಸಲಾಗಿದೆ. ವೈನ್ ಎಂಬ ಮಧ್ಯವರ್ತಿ ತಂತ್ರಾಂಶದ ಮೂಲಕ ಲಿನಕ್ಸ್‌ನಲ್ಲಿ ಅದನ್ನು ತೆರೆಯಲು ಯತ್ನಿಸುವವರುಂಟು. ಆದರೆ ತೆರೆದುಕೊಳ್ಳುವುದು ಬೇರೆ, ವರ್ಷವಿಡೀ ನೆಚ್ಚಿಕೊಳ್ಳುವುದು ಬೇರೆ. ಮುದ್ರಣದಲ್ಲಿಯೋ ನವೀಕರಣದಲ್ಲಿಯೋ ತೊಂದರೆಯಾದಾಗ ಕೇಳುವವರಿರುವುದಿಲ್ಲ. ಲಿನಕ್ಸ್‌ನೊಳಗೆ ವರ್ಚುವಲ್‌ಬಾಕ್ಸ್ ಮೂಲಕ ವಿಂಡೋಸ್ ನಡೆಸುವ ದಾರಿಯೂ ಇದೆ. ಅದಕ್ಕೆ ಹೆಚ್ಚಿನ ಮೆಮೊರಿ ಹಾಗೂ ವಿಂಡೋಸ್‌ನ ಪರವಾನಗಿ ಎರಡೂ ಬೇಕು. ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶದಲ್ಲಿ 2023ರ ಏಪ್ರಿಲ್ 1ರಿಂದ ಪ್ರತಿ ಬದಲಾವಣೆಯ ಜಾಡು, ಅಂದರೆ ಆಡಿಟ್ ಟ್ರಯಲ್, ದಾಖಲಾಗುವುದು ಕಡ್ಡಾಯ. ಬೇರೆ ತಂತ್ರಾಂಶಕ್ಕೆ ಬದಲಾಗುವವರು ಈ ಸೌಲಭ್ಯವಿದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಮ್ಯಾಕ್ರೊ ಆಧಾರಿತ ಎಕ್ಸೆಲ್ ನಮೂನೆಗಳು ಲಿಬ್ರೆಆಫೀಸ್‌ನಲ್ಲಿ ಪೂರ್ಣವಾಗಿ ನಡೆಯುವ ಭರವಸೆಯಿಲ್ಲ. ಸಾಮಾನ್ಯ ಪಟ್ಟಿಗಳು, ಪತ್ರಗಳು ಮಾತ್ರ ತೊಂದರೆಯಿಲ್ಲದೆ ತೆರೆಯುತ್ತವೆ.

ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಕಾಣದಿದ್ದಾಗ ಗಾಬರಿಯಾಗಬೇಕಾಗಿಲ್ಲ. ಸಹಿ ಇರುವುದು ಟೋಕನ್‌ನಲ್ಲಿಯೇ ಹೊರತು ಕಂಪ್ಯೂಟರ್‌ನಲ್ಲಿ ಅಲ್ಲ. ಬೇಕಾಗಿರುವುದು ಆ ಟೋಕನ್‌ಗೆ ತಕ್ಕ ಲಿನಕ್ಸ್ ಡ್ರೈವರ್ ಮತ್ತು ಆಯಾ ಜಾಲತಾಣದ ಸಹಿ ತಂತ್ರಾಂಶ. ಇವು ದೊರೆಯದಿದ್ದಲ್ಲಿ ಸಹಿಯ ಕೆಲಸವನ್ನು ವಿಂಡೋಸ್ ಯಂತ್ರದಲ್ಲಿಯೇ ಮಾಡಬೇಕು. ಪಾಸ್‌ವರ್ಡನ್ನು ಊಹಿಸಿ ಮತ್ತೆ ಮತ್ತೆ ಒತ್ತಿದರೆ ಟೋಕನ್ ಬಂದ್ ಆಗುತ್ತದೆ. ‘ಇನಿಶಿಯಲೈಸ್’ ಎಂಬ ಗುಂಡಿಯನ್ನು ಒತ್ತಿದರೆ ಸಹಿಯೇ ಅಳಿಸಿಹೋಗಿ ಹೊಸದನ್ನು ಪಡೆಯಬೇಕಾಗುತ್ತದೆ.

6. ದೋಷ ಪತ್ತೆಯ ಕ್ರಮ

ತಾಳೆಯಾಗದ ಲೆಕ್ಕವನ್ನು ಸರಿಪಡಿಸುವ ಕ್ರಮವೇ ಇಲ್ಲಿಗೂ ಅನ್ವಯಿಸುತ್ತದೆ. ಮೊದಲು ದೋಷದ ಸಂದೇಶವನ್ನು ಇದ್ದುದಿದ್ದಂತೆ ಬರೆದುಕೊಳ್ಳಬೇಕು, ಇಲ್ಲವೆ ಪರದೆಯ ಚಿತ್ರ ತೆಗೆಯಬೇಕು. ಕೊನೆಯ ಬಾರಿ ಸರಿಯಿದ್ದುದು ಯಾವಾಗ, ಆನಂತರ ಬದಲಾದದ್ದು ಏನು ಎಂದು ಕೇಳಿಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಫಲಿತಾಂಶ ನೋಡಬೇಕು. ಒಟ್ಟಿಗೆ ನಾಲ್ಕು ಬದಲಾವಣೆ ಮಾಡಿದವರಿಗೆ ತೊಂದರೆ ಹೋದರೂ ಕಾರಣ ತಿಳಿಯುವುದಿಲ್ಲ. ಅರ್ಥವಾಗದ ಆದೇಶಗಳನ್ನು ಎಲ್ಲಿಂದಲೋ ನಕಲಿಸಿ, ಆಡಳಿತ ಪಾಸ್‌ವರ್ಡ್ ನೀಡಿ ನಡೆಸುವುದು ಖಾಲಿ ಚೆಕ್ಕಿಗೆ ಸಹಿ ಹಾಕಿದಂತೆ. ಮಾಡಿದ ಪ್ರತಿ ಬದಲಾವಣೆಯನ್ನೂ ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ದಾಖಲಿಸಿದರೆ ಮುಂದಿನ ಯಂತ್ರದ ಕೆಲಸ ಅರ್ಧ ಮುಗಿದಂತೆಯೇ.

ಒಟ್ಟಿನಲ್ಲಿ, ಇಲ್ಲಿ ಹೇಳಲಾದ ತೊಡಕುಗಳಲ್ಲಿ ಹೆಚ್ಚಿನವು ಕೆಲವು ಗಂಟೆಗಳಲ್ಲಿ ಪರಿಹಾರವಾಗುವಂಥವು. ಪರಿಹಾರವೇ ಇಲ್ಲದ್ದು ಬ್ಯಾಕಪ್ ಇಲ್ಲದೆ ಅಳಿಸಿದ ಲೆಕ್ಕಪತ್ರ ಒಂದೇ. ಟ್ರಯಲ್ ಬ್ಯಾಲೆನ್ಸ್ ತಾಳೆಯಾದ ಎರಡು ಪ್ರತಿಗಳು ಕಪಾಟಿನಲ್ಲಿವೆ ಎಂದು ಖಚಿತವಾದ ಮೇಲೆ ವ್ಯಾಪಾರಿಯು ನಿಶ್ಚಿಂತೆಯಿಂದ ಪೆನ್‌ಡ್ರೈವ್ ಕೈಗೆತ್ತಿಕೊಳ್ಳಬಹುದು.